ಕನ್ನಡಿ ಕೂರಿಸಿದ ಶನಿವಾರ

ಕಾರೊಂದು ಹಿಂದಕ್ಕೆ ಬರುತ್ತಿದ್ದರೆ ಅದರ ಬೆನ್ನಿಗೆ ನಿಂತು ಕೈಯಾಡಿಸದ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ಯಾರ ಕಾರು, ಯಾರು ಓಡಿಸುತ್ತಿದ್ದಾರೆ ಎಂಬುದೆಲ್ಲ ಮುಖ್ಯವಲ್ಲ. ಹಾಲಿನ ಪ್ಯಾಕೆಟ್ ಹಿಡಿದು ಹೊರಟವನೂ ನಿಂತು, ‘ಬರಲಿ ಬರಲಿ’ ಎನ್ನುತ್ತಾನೆ. ಹೀಗೆ ನಿಲ್ಲುವವರಲ್ಲಿ ನಾನೂ ಒಬ್ಬ. ನನ್ನ ಹೆಂಡತಿ ಸುಮಾ ಮೊದಲ ಸಲ ಒಬ್ಬಳೇ ಕಾರು ತೆಗೆದುಕೊಂಡು ತರಕಾರಿ ತಂದ ದಿನ, ಸೂರತ್ತಿನ ಅಡಾಜಣ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಾನು ಕಾದು ನಿಂತಿದ್ದೆ. ಕೆಳಗಿನ ಮಹಡಿಯ ಜಯೇಶಭಾಯಿಯೂ ಎಲ್ಲಿಂದಲೋ ಪ್ರತ್ಯಕ್ಷನಾದ. ಎರಡು ಕಂಬಗಳ ನಡುವೆ ಕಾರು ಹಿಂದಕ್ಕೆ ಬರಬೇಕು. ಆತ ಒಂದು ಕಡೆಯಿಂದ, “ಆವಾ ದೋ, ಭಾಭಿ, ಆವಾ ದೋ” ಎಂದು ಗುಜರಾತಿಯಲ್ಲಿ ‘ಬರಲಿ ಬರಲಿ’ ಎನ್ನುತ್ತಿದ್ದ. ನಾನು ಇನ್ನೊಂದು ಕಡೆಯಿಂದ, “ಹೋಲ್ಡ್, ಹೋಲ್ಡ್” ಎಂದು ಕೂಗುತ್ತಿದ್ದೆ. ಪಾಪ, ಅವಳು ಇಬ್ಬರ ಮಾತನ್ನೂ ಕೇಳಿದಳು. ಎಡಗಡೆಯ ಕನ್ನಡಿ ಕಂಬಕ್ಕೆ ಬಡಿದು ಚೂರುಚೂರಾಯಿತು.

ಸುಮಾ ಕಾರಿನಿಂದಿಳಿದು ಕೀಲಿಯನ್ನು ನನ್ನ ಕೈಗಿಟ್ಟಳು. “ತಗೋರಿ. ಇನ್ನ ನಾ ಇದನ್ನ ಮುಟ್ಟಂಗಿಲ್ಲ” ಎಂದವಳು ತರಕಾರಿ ಚೀಲ ಎತ್ತಿಕೊಂಡು ಲಿಫ್ಟ್ ಹತ್ತಿದಳು. ಜಯೇಶಭಾಯಿ ನನ್ನ ಹೆಗಲು ತಟ್ಟಿ, “ಚಿಂತಾ ನಾ ಕರೋ, ಥೈ ಜಶೆ” ಎಂದ. ಎಲ್ಲ ಸರಿಹೋಗುತ್ತದೆ ಎನ್ನುವ ಈ ಮಾತನ್ನು ಇಲ್ಲಿಯವರು ನಲ್ಲಿ ಸೋರಿದರೂ ಹೇಳುತ್ತಾರೆ, ಮಗಳ ಮದುವೆ ಕುದುರದಿದ್ದರೂ ಹೇಳುತ್ತಾರೆ. ಹೇಳಿದವರು ಮಾತ್ರ ಆಮೇಲೆ ಅಲ್ಲಿ ನಿಲ್ಲುವುದಿಲ್ಲ.

ಅವಳು ಕಾರು ಕಲಿತದ್ದು ಷೋಕಿಗಲ್ಲ. ವಿಮಾ ಕಚೇರಿಯ ನನ್ನ ವರ್ಗಾವಣೆಯಿಂದ ನಾವು ಧಾರವಾಡ ಬಿಟ್ಟು ಇಲ್ಲಿಗೆ ಬಂದಾಗ ಅವಳು ಶಾಲೆಯ ಕೆಲಸ ಬಿಟ್ಟಿದ್ದಳು. ಹಜೀರಾದ ಕಾರ್ಖಾನೆಯೊಂದರ ಕಾಲೊನಿಯಲ್ಲಿ ನಮ್ಮ ಕಡೆಯ ಕೆಲವು ಕುಟುಂಬಗಳಿವೆ. ಆ ಮನೆಗಳ ಮಕ್ಕಳು ಅಜ್ಜಿಯ ಫೋನು ಬಂದರೆ ಹಿಂದಿಯಲ್ಲಿ ಉತ್ತರ ಕೊಡುತ್ತವೆ. ಅವಕ್ಕೆ ಪ್ರತಿ ಶನಿವಾರ ಕನ್ನಡ ಕಲಿಸುವ ಕೆಲಸವನ್ನು ಸುಮಾ ತಾನಾಗಿಯೇ ಹಚ್ಚಿಕೊಂಡಳು. ಅಲ್ಲಿಗೆ ಕರೆದೊಯ್ಯುವವನು ನಾನು. ದಾರಿಯುದ್ದಕ್ಕೂ ಟ್ರಕ್ಕುಗಳನ್ನು ಬೈಯುತ್ತ, ಪಾಠ ಮುಗಿಯುವ ತನಕ ಕಾರಿನಲ್ಲೇ ಆಕಳಿಸುತ್ತ, ನನ್ನ ರಜೆಯೆಲ್ಲ ಇದಕ್ಕೇ ಹೋಯಿತೆಂದು ಗೊಣಗುತ್ತಿದ್ದೆ. ಆ ಗೊಣಗಾಟ ತಾಳಲಾರದೆ ಅವಳು ಡ್ರೈವಿಂಗ್ ಕಲಿತಳು. ಈಗ ಕನ್ನಡಿ ಒಡೆದ ಮೇಲೆ, “ಕ್ಲಾಸ್ ಬಂದ್ ಮಾಡ್ತೀನಿ ಅಂತ ಹೇಳಿಬಿಡ್ತೀನಿ” ಎಂದಳು. ನಾನು ಮೇಲುಮೇಲಕ್ಕೆ, “ಛೆ, ಯಾಕೆ?” ಎಂದೆ. ಒಳಗೊಳಗೆ ಶನಿವಾರದ ನಿದ್ದೆ ಕಣ್ಣ ಮುಂದೆ ಬಂತು. ಆದರೆ ಎರಡು ದಿನ ಅವಳು ಸಪ್ಪೆ ಮುಖ ಹಾಕಿಕೊಂಡು ಓಡಾಡಿದ್ದನ್ನು ನೋಡಿ ನಿದ್ದೆಯ ಆಸೆಯೂ ಸಪ್ಪೆಯಾಯಿತು.

ಕನ್ನಡಿಯನ್ನು ಮನೆಯಲ್ಲೇ ಕೂರಿಸುವುದೆಂದು ತೀರ್ಮಾನಿಸಿದೆ. ಗ್ಯಾರೇಜಿಗೆ ಒಯ್ದಿದ್ದರೆ ಬೇಗ ಆಗುತ್ತಿತ್ತು, ನಿಜ. ಆದರೆ ನಾನೇ ಮಾಡಿದೆ ಎಂದು ಅವಳಿಗೆ ತೋರಿಸಬೇಕಿತ್ತು. ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಹೊಸ ಗಾಜು ತಂದೆ. ಫೋನಿನಲ್ಲಿ ವಿಡಿಯೊ ಹಚ್ಚಿದೆ. ಅದರಲ್ಲಿದ್ದವನು, “ಬಸ್, ಹಲ್ಕಾ ಸಾ ದಬಾಯಿಯೇ” ಎಂದು, ಮೆಲ್ಲಗೆ ಒತ್ತಿದರೆ ಸಾಕೆಂಬಂತೆ, ಬಿಸ್ಕತ್ತು ಮುರಿದಷ್ಟು ಸಲೀಸಾಗಿ ಹಳೆಯ ಗಾಜು ಕಿತ್ತ. ನಾನು ಒಡೆದ ಗಾಜಿಗೆ ಟೇಪು ಮೆತ್ತಿ, ಸುಮಾಳ ಹೇರ್ ಡ್ರೈಯರಿನಿಂದ ಬಿಸಿ ಊದಿ, ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಬೆವರು ಕಿತ್ತುಬಂತು, ಗಾಜು ಬರಲಿಲ್ಲ. ಇನ್ನಷ್ಟು ಮೀಟಿದಾಗ ಅದು ಒಮ್ಮೆಲೇ ಹಾರಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಹೊಸದನ್ನು ಕೂರಿಸುವಾಗ ನನ್ನ ಧೈರ್ಯ ಪೂರ್ತಿ ಹೋಯಿತು. ಜೋರಾಗಿ ಒತ್ತಿದರೆ ಒಡೆಯುತ್ತದೆ, ಮೆಲ್ಲಗೆ ಒತ್ತಿದರೆ ಕೂರುವುದಿಲ್ಲ.

ಹೇರ್ ಡ್ರೈಯರ್ ಹುಡುಕುತ್ತ ಸುಮಾ ಕೆಳಗೆ ಬಂದಳು. ಸ್ವಲ್ಪ ಹೊತ್ತು ನೋಡಿ, “ಅಂಚು ಒತ್ತಿದ್ರ ಒಡೀತದ್ರಿ. ಸ್ವಲ್ಪ ಅತ್ತ ಸರೀರಿ” ಎಂದಳು. ನಾನು ಎರಡೂ ಕೈಗಳಿಂದ ಕನ್ನಡಿಯ ಕವಚ ಹಿಡಿದು ನಿಂತೆ. ಅವಳು ಗಾಜಿನ ನಡುವೆ ಅಂಗೈಯಿಟ್ಟಳು.

“ಕಂಬಕ್ಕ ಬಡದದ್ದು ನಿನಗ ಅಷ್ಟು ಅಂಜಿಕಿ ಆತೇನು?” ಎಂದು ಕೇಳಿದೆ.

“ಕಂಬದ ಅಂಜಿಕಿ ಅಲ್ರಿ. ನೀವು ಓಡಿ ಬಂದ್ರಿ. ಬಂದು ಮೊದಲ ಕನ್ನಡಿ ನೋಡಿದ್ರಿ. ನನ್ನ ನೋಡ್ಲಿಲ್ಲ.”

ಇಷ್ಟು ವರ್ಷ ಜೊತೆಗಿದ್ದ ಹೆಂಗಸು ಬೆಚ್ಚಿ ಕೂತಿದ್ದಾಗ ನಾನು ಗಾಜಿನ ಚೂರು ನೋಡುತ್ತ ನಿಂತಿದ್ದೆ. ಆಗ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. “ಸುಮಾ, ಅವತ್ತು ನಿನಗೇನೂ ಪೆಟ್ಟಾಗಲಿಲ್ಲಲ್ಲ?” ಎಂದು ಕೇಳಿದೆ. ಅವಳು ನಕ್ಕುಬಿಟ್ಟಳು. “ಈಗ ಕೇಳಾಕತ್ತೀರಿ?” ಎನ್ನುತ್ತ ಅಂಗೈ ಒತ್ತಿದಳು. ಟಕ್ಕೆಂದು ಕನ್ನಡಿ ಕೂತಿತು.

ಆ ಶನಿವಾರ ಅವಳು ನನ್ನಿಂದ ಕೀಲಿ ಇಸಿದುಕೊಂಡು ಒಬ್ಬಳೇ ಹಜೀರಾಕ್ಕೆ ಹೋದಳು. ನಾನು ಬಹುದಿನದಿಂದ ಬಯಸಿದ್ದ ರಜೆ ಕೊನೆಗೂ ಕೈಗೆ ಬಂತು. ಮಲಗಿದೆ, ನಿದ್ದೆ ಹತ್ತಲಿಲ್ಲ. ಚಹಾ ಮಾಡಿದೆ, ಕುಡಿಯುವುದನ್ನು ಮರೆತೆ. ಫೋನು ಹಚ್ಚೋಣವೆಂದರೆ ಓಡಿಸುವಾಗ ಎತ್ತುವುದು ಬೇಡವೆಂದು ಸುಮ್ಮನಾದೆ. ಮಧ್ಯಾಹ್ನ ಅವಳು ಖುಷಿಗೆ ಕೆಂಪಾದ ಮುಖ ಹೊತ್ತು ಹಿಂತಿರುಗಿದಳು. ಒಬ್ಬ ಪುಟ್ಟ ಹುಡುಗಿ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆದಳಂತೆ. ಅದನ್ನು ಎರಡು ಸಲ ಹೇಳಿದಳು. ನಾನು ಎರಡು ಸಲವೂ ಕೇಳಿದೆ. ಆಮೇಲೆ ನಾಚಿಕೆ ಬಿಟ್ಟು, “ಮುಂದಿನ ವಾರ ನಾನೂ ಬರ್ಲೇನು?” ಎಂದೆ.

“ಬರ್ರಿ. ಆದ್ರ ಹಿಂದ ಕೂಡ್ರಬೇಕು.”

ಮುಂದಿನ ಶನಿವಾರ ಹಿಂದಿನ ಸೀಟಿನಲ್ಲಿ ಶಿಸ್ತಾಗಿ ಕೂತೆ. ಕಾರು ಹೊರಡಲಿಲ್ಲ. ನನ್ನ ಬಾಗಿಲು ಸರಿಯಾಗಿ ಬಿದ್ದಿಲ್ಲವೆಂದು ಅವಳು ಹೊಸ ಕನ್ನಡಿಯಲ್ಲೇ ನೋಡಿ, ನನ್ನಿಂದ ಅದನ್ನು ಮತ್ತೆ ತೆಗೆಸಿ ಹಾಕಿಸಿದಳು.