ಮುಳುಗಿದ ಕಾರಿಗೆ ಮನೆಯದೇ ಸಾಕ್ಷಿ

ಎಲ್ಲ ಬಲ್ಲವನು ಎಂಬ ಹೆಸರು ಒಮ್ಮೆ ಬಂದುಬಿಟ್ಟರೆ ಮನುಷ್ಯ ನೆಮ್ಮದಿಯಾಗಿ ತಿಂಡಿ ತಿನ್ನುವುದೂ ಕಷ್ಟ. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತನಾದವನು ನಾನು. ನನ್ನದು ಗೋದಾಮುಗಳ ಬೆಂಕಿ ವಿಮೆಯ ವಿಭಾಗ; ಕಾರಿನ ಕಡತ ಮುಟ್ಟಿದವನೇ ಅಲ್ಲ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ಮಾಟುಂಗದ ಹೋಟೆಲಿನಲ್ಲಿ ದೋಸೆಯ ಮೊದಲ ತುಂಡು ಮುರಿಯುವಷ್ಟರಲ್ಲಿ ಕೆಳಗಿನ ಮನೆಯ ಶೆಟ್ಟರು ಎದುರಿಗೆ ಬಂದು ಕೂರುತ್ತಾರೆ. “ಮಾರಾಯ್ರೇ, ಇಲಿ ವಯರ್ ಕಡಿದ್ರೆ ಕ್ಲೇಮ್ ಸಿಗ್ತದಾ?” ಭಾವಮೈದುನ ಓಡಿಸುವಾಗ ಗುದ್ದಿದರೆ? ಸಣ್ಣ ಗೀರಿಗೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ರಿಯಾಯಿತಿ ಹೋಗುತ್ತದೆಯೇ? ಥರ್ಡ್ ಪಾರ್ಟಿ ಎಂದರೆ ನಾವೋ ಅವರೋ? ಹೇಳಿ ಹೇಳಿ ಸಾಕಾಗಿಹೋಗಿದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ! ಅದರಲ್ಲೂ ಮಳೆಗಾಲದಲ್ಲಿ ನನ್ನದು ಒಂದೇ ಪಾಠ: ನೀರಲ್ಲಿ ನಿಂತ ಕಾರನ್ನು ಚಾಲೂ ಮಾಡಬೇಡಿ, ಎಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಪರಿಹಾರವಿಲ್ಲ, ಫೋಟೋ ತೆಗೆಯಿರಿ, ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ತನಕ ಏನನ್ನೂ ಮುಟ್ಟಬೇಡಿ.

ಇನ್ನು ನಮ್ಮ ಕಾರಿನ ಕಥೆ. ನವರಾತ್ರಿಯ ವಾರದಲ್ಲಿ ಯಾರೂ ಕರೆಯದ ಮಳೆ ಬಂದು ನಮ್ಮ ಕಂಪೌಂಡಿನಲ್ಲಿ ಮೊಣಕಾಲಿಗಿಂತ ಮೇಲೆ ನೀರು ನಿಂತಿತು. ಕಾರು ಹೆಸರಿಗೆ ನನ್ನದು, ನಿಜವಾಗಿ ನನ್ನ ಹೆಂಡತಿ ಸುಮಿತ್ರಾಳದು. ಧಾರವಾಡದಿಂದ ಬಂದ ಮೇಲೆ ಲೋಕಲ್ ರೈಲಿನ ಬಾಗಿಲಲ್ಲಿ ಜೋತಾಡಿ ಬೇಸತ್ತ ಆಕೆ, ಐವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಅದರಲ್ಲಿ ಕೂತರೆ ಆಕೆಗೆ ಯಾರ ಹಂಗೂ ಇಲ್ಲ, ಮುಖ್ಯವಾಗಿ ನನ್ನದು. ಕ್ಲೇಮ್ ಸಿಗದಿದ್ದರೆ ಕಾರನ್ನು ಗುಜರಿಗೆ ಹಾಕುವುದೇ ದಾರಿ ಎಂದು ಗ್ಯಾರೇಜಿನವನು ಹೇಳಿದ ದಿನ ಆಕೆ ಸರಿಯಾಗಿ ಊಟ ಮಾಡಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಸರ್ವೇಯರ್ ಬರುವುದು ರಜೆ ಮುಗಿದ ಮೇಲೆ ಎಂದು ಗೊತ್ತಾಯಿತು. ನಡುವೆ ಆಯುಧಪೂಜೆ. ಬೆಳಿಗ್ಗೆ ಕೆಳಗಿಳಿದು ನೋಡಿದರೆ ಎಲ್ಲರ ವಾಹನಕ್ಕೂ ಚೆಂಡುಹೂವಿನ ಮಾಲೆ. ನಮ್ಮದು ಮಾತ್ರ ಗಟಾರದ ಕೆಸರು ಮೆತ್ತಿಕೊಂಡು ನಿಂತಿದೆ. ಹಬ್ಬದ ದಿನ ಲಕ್ಷ್ಮಿಯನ್ನು ಹೀಗೆ ನಿಲ್ಲಿಸುವುದೇ ಎಂದು ಮನಸ್ಸು ತಡೆಯಲಿಲ್ಲ. ನಾನೇ ಬಕೆಟ್ ಹಿಡಿದು ಒಳಗೂ ಹೊರಗೂ ತಿಕ್ಕಿ ತೊಳೆದೆ, ಸೀಟುಗಳನ್ನು ಬಿಸಿಲಿಗಿಟ್ಟು ಒಣಗಿಸಿದೆ, ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದೆ. ಶೆಟ್ಟರು ಬಂದು “ಶೋರೂಮಿಂದ ತಂದ ಹಾಗೆ ಉಂಟಲ್ಲ!” ಎಂದು ಹೊಗಳಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ.

ಸರ್ವೇಯರ್ ಕದಮ್ ಬಂದರು. ಕಾರನ್ನು ಸುತ್ತಿದರು, ಬಾಗಿಲು ತೆಗೆದು ಮೂಸಿದರು. ಒಳಗೆ ಊದುಬತ್ತಿಯ ಘಮ. “ಅಂಕಲ್, ಪಾನಿ ಕಹಾಂ ತಕ್ ಆಯಾ ಥಾ?” ಎಂದು ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದರು. ನೀರಿನ ಗೆರೆ ಇರಬೇಕಾದ ಜಾಗದಲ್ಲಿ ನನ್ನ ಮುಖವೇ ಹೊಳೆಯುತ್ತಿತ್ತು. ಫೋಟೋ ಕೇಳಿದರು. ಊರಿಗೆಲ್ಲ ಫೋಟೋ ತೆಗೆಯಿರಿ ಎಂದು ಹೇಳುವ ನಾನು ಒಂದೂ ತೆಗೆದಿರಲಿಲ್ಲ.

ಆಗ ಸುಮಿತ್ರಾ ಮೊಬೈಲ್ ಹಿಡಿದು ಮೆಟ್ಟಿಲಿಳಿದು ಬಂದಳು. ನೀರು ನಿಂತ ದಿನ ನಮ್ಮ ಅವಸ್ಥೆಯನ್ನು ಧಾರವಾಡದ ತಂಗಿಗೆ ತೋರಿಸಲು ಮನೆಯ ಗ್ಯಾಲರಿಯಲ್ಲಿ ನಿಂತು ವಿಡಿಯೋ ಮಾಡಿದ್ದಳಂತೆ. ನನಗೆ ಹೋದ ಜೀವ ಬಂದಂತಾಯಿತು. ಕದಮ್ ನೋಡಿದರು. ನೀರು ಸ್ಪಷ್ಟವಾಗಿದೆ, ನಂಬರ್ ಪ್ಲೇಟಿನ ಅರ್ಧದವರೆಗೂ ಬಂದಿದೆ. ಇನ್ನೇನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ವಿಡಿಯೋದೊಳಗೆ ಪಂಚೆ ಎತ್ತಿ ಕಟ್ಟಿದ ಒಬ್ಬ ಮುದುಕ ನೀರಲ್ಲಿ ಬಂದು ಕಾರಿನೊಳಗೆ ಕೂತ. ಗೇಟಿನ ಹತ್ತಿರ ಸ್ವಲ್ಪ ಎತ್ತರವಿದೆ, ಅಲ್ಲಿ ನಿಲ್ಲಿಸಿಬಿಡೋಣ ಎಂದು ಹೊರಟವನು ಅವನು. ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು. ಮತ್ತೆ ತಿರುಗಿಸಿದ. ಮೇಲಿನಿಂದ ಸುಮಿತ್ರಾಳ ಧ್ವನಿ: “ಬ್ಯಾಡ್ರೀ, ಚಾಲೂ ಮಾಡಬ್ಯಾಡ್ರೀ! ಮಂದಿಗೆಲ್ಲಾ ನೀವ ಹೇಳ್ತೀರಲ್ಲ, ನೀರಾಗ ಚಾಲೂ ಮಾಡಿದ್ರ ಎಂಜಿನ್ ಹೋಗ್ತದ ಅಂತ!” ಮುದುಕ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ನನಗ ಗೊತ್ತದ, ನೀ ಸುಮ್ನಿರು!”

ಕದಮ್ ವಿಡಿಯೋ ನಿಲ್ಲಿಸಿ, ಹಿಂದೆ ಮಾತಾಡುವ ಹೆಂಗಸು ಏನು ಹೇಳುತ್ತಿದ್ದಾರೆ ಎಂದು ಹಿಂದಿಯಲ್ಲಿ ವಿಚಾರಿಸಿದರು. ನಾನು ಆಕಾಶ ನೋಡಿದೆ. ಶೆಟ್ಟರು ಒಂದಕ್ಷರ ಬಿಡದೆ ಅನುವಾದಿಸಿದರು.

ಸೀಟು, ವಯರಿಂಗ್ ಮಂಜೂರಾದವು. ಎಂಜಿನ್ ನಮ್ಮ ತಲೆಗೆ ಬಂತು. ಕಾರು ಉಳಿಯಲಿ ಎಂದು ನನ್ನ ಠೇವಣಿ ಮುರಿಸುತ್ತೇನೆಂದು ಅಲ್ಲೇ ಒಪ್ಪಿಕೊಂಡೆ. ಸುಮಿತ್ರಾ ಚಹಾ ತಂದಳು. ಕದಮ್ ಚಹಾ ಕುಡಿಯುತ್ತಲೇ ವರದಿ ಬರೆದು ನನ್ನ ಮುಂದಿಟ್ಟರು: ಪತ್ನಿ ಸ್ಪಷ್ಟವಾಗಿ ಎಚ್ಚರಿಸಿದ್ದರೂ ಮಾಲೀಕರು ಎಂಜಿನ್ ಚಾಲೂ ಮಾಡಿರುತ್ತಾರೆ. ಕೆಳಗೆ ಸಹಿ ಹಾಕಬೇಕಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಹೇಳಿದ್ದೇ ಸರಿ ಎಂದು ನಾನು ಬಾಯಿಮಾತಿಗೂ ಒಪ್ಪಿದವನಲ್ಲ. ಅವತ್ತು ಪೂರ್ತಿ ಹೆಸರು ಬರೆದು, ಮೂರು ಪ್ರತಿಗಳಿಗೆ ಸಹಿ ಹಾಕಿದೆ. ಒಂದು ಪ್ರತಿ ಕಂಪನಿಗೆ, ಒಂದು ಗ್ಯಾರೇಜಿಗೆ. ಮೂರನೆಯದನ್ನು ಸುಮಿತ್ರಾ ಲ್ಯಾಮಿನೇಟ್ ಮಾಡಿಸಲು ಕೊಟ್ಟಿದ್ದಾಳೆ.