ತಿಪ್ಪೆಯಲ್ಲಿ ಕರಗದ ಚಪ್ಪಲಿಯೂ ನನ್ನ ಉದ್ಘಾಟನಾ ಭಾಷಣವೂ

ಸತ್ಯವನ್ನು ಸ್ಪಷ್ಟವಾಗಿ, ಕ್ರಮಬದ್ಧವಾಗಿ ಮತ್ತು ಸಾಕಷ್ಟು ಗಟ್ಟಿಯಾಗಿ ಹೇಳಿದರೆ ಜನ ಒಪ್ಪಿಯೇ ತೀರುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಹಿತ್ತಾಳೆಯ ಬಟ್ಟಲುಗಳು ಚಾಮರಾಜನಗರದ ನಮ್ಮ ಮನೆಯಲ್ಲಿ ಇಂದಿಗೂ ಇವೆ. ಅವುಗಳಲ್ಲಿ ನನ್ನ ಹೆಂಡತಿ ಮಂಗಳ ಸಾಸಿವೆ, ಮೆಂತ್ಯ ಇಡುತ್ತಾಳೆ ಎಂಬುದು ಬೇರೆ ವಿಷಯ.

ಮಂಗಳಳ ತಮ್ಮ ಗುರುಮಲ್ಲು ಗುಂಡ್ಲುಪೇಟೆಯಲ್ಲಿ ಚಪ್ಪಲಿ ಅಂಗಡಿ ತೆರೆಯಲು ಹೊರಟಾಗ ನನ್ನ ನಂಬಿಕೆಗೆ ಕುತ್ತು ಬಂತು. ಅವನು ಬೇಗೂರಿನಲ್ಲಿ ತೆರೆದಿದ್ದ ಬೇಕರಿ ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತ್ತು. ಇದೂ ಕೈಕೊಟ್ಟರೆ ತೆರಕಣಾಂಬಿಯ ಜಮೀನಿಗೆ ಹಿಂತಿರುಗಿ ಅರಿಸಿನ ಅಗೆಯಬೇಕು. ಅಗೆಯುವಾಗ ಅಪ್ಪನ ಮಾತನ್ನೂ ಕೇಳಬೇಕು. ಮೊದಲನೆಯದನ್ನು ಅವನು ಸಹಿಸಬಲ್ಲ.

ಸಂಕ್ರಾಂತಿಯ ಆಸುಪಾಸಿನಲ್ಲಿ ಅವನು ಒಂದು ರಟ್ಟಿನ ಪೆಟ್ಟಿಗೆ ಹಿಡಿದು ನಮ್ಮ ಮನೆಗೆ ಬಂದ. ಒಳಗೆ ಒಂದು ಜೊತೆ ಪ್ಲಾಸ್ಟಿಕ್ ಚಪ್ಪಲಿ. ಮುಚ್ಚಳದ ಮೇಲೆ ಹಸಿರು ಎಲೆಯ ಚಿತ್ರ.

“ಭಾವ, ಈ ಕಂಪ್ನಿ ಏಜೆನ್ಸಿ ತಕ್ಕಂಡಿವ್ನಿ. ಶಿವರಾತ್ರಿ ಆದ್ಮೇಲೆ ಓಪನಿಂಗು. ನೀವೇ ಮಾತಾಡ್ಬೇಕು. ನಮ್ ಕಡೆ ಹಿರೀಕರು ಮೊದ್ಲು ಕೇಳೋದೇ ಚರ್ಮ ಅದಾ ಅಂತ. ಇಲ್ಲ ಅಂತ ನೀವು ಒಂದ್ಮಾತು ಏಳ್ಬುಟ್ರೆ ಸಾಕು. ಅಂಗೇ ಪರಿಸರಕ್ಕೂ ಒಳ್ಳೇದು ಅಂದ್ಬುಡಿ. ಡಬ್ಬದ ಮ್ಯಾಲೆ ಎಲೆ ಅದಲ್ವಾ.”

ಅವನ ಮಾತಿನಲ್ಲಿ ಹುರುಳಿತ್ತು. ಲಿಂಗಪೂಜೆ ಮಾಡುವ ಮನೆಗಳಲ್ಲಿ ಚರ್ಮದ ವಸ್ತುವನ್ನು ಹೊಸಿಲು ದಾಟಿಸದ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಆದರೆ ಪರೀಕ್ಷಿಸದೆ ಪ್ರಮಾಣಪತ್ರ ನೀಡುವುದು ನನ್ನ ಜಾಯಮಾನವಲ್ಲ.

“ಗುರುಮಲ್ಲು, ಎಲೆಯ ಚಿತ್ರ ಸಾಕ್ಷ್ಯವಲ್ಲ,” ಎಂದೆ. “ನಮ್ಮ ಮುಂದಿರುವ ಪ್ರಶ್ನೆ ಎರಡು. ಇದು ವೀಗನ್ ಹೌದೇ? ಇದು ಸುಸ್ಥಿರವೇ, ಅಂದರೆ ಭೂಮಿಗೆ ಹೊರೆಯಾಗದ್ದೇ?”

“ವೀಗನ್ ಅಂದ್ರೆ?”

“ಪ್ರಾಣಿಯಿಂದ ಬಂದ ಯಾವುದನ್ನೂ ಬಳಸದಿರುವುದು. ಚರ್ಮ, ಉಣ್ಣೆ, ಮೂಳೆಯ ಅಂಟು, ಜೇನು, ತುಪ್ಪ, ಹಾಲು…”

“ಹಾಲೂ ಬ್ಯಾಡ್ವಾ?” ಅಡುಗೆಮನೆಯಿಂದ ಮಂಗಳ ಕೇಳಿದಳು.

“ಸಿದ್ಧಾಂತದ ಪ್ರಕಾರ ಬೇಡ.”

“ಸರಿ ಬುಡಿ.”

ಈ ‘ಸರಿ ಬುಡಿ’ಯ ಆಳ ಮಧ್ಯಾಹ್ನ ತಿಳಿಯಿತು. ಮುದ್ದೆ ಬಂತು, ಉಪ್ಸಾರು ಬಂತು, ತುಪ್ಪ ಬರಲಿಲ್ಲ. ಅನ್ನಕ್ಕೆ ಮಜ್ಜಿಗೆ ಬರಲಿಲ್ಲ. ಸಂಜೆ ಕಾಫಿ ಕಪ್ಪಗೆ ಬಂತು.

“ಕಾಲಿಗೆ ಅಷ್ಟು ನೇಮ ಮಾಡೋರು ಹೊಟ್ಟೆಗೆ ಮಾಡ್ದಿದ್ರೆ ಜನ ಏನಂದಾರು?” ಎಂದು ಅವಳು ಲೋಟ ಇಟ್ಟು ಹೋದಳು.

ನನ್ನ ವಾದವನ್ನು ನನ್ನ ಕೊರಳಿಗೇ ಸುತ್ತಿದ್ದಳು. ಪ್ರತಿವಾದಕ್ಕೆ ಕಾಲಾವಕಾಶ ಕೋರಿದೆ. ಮಾರನೆಯ ಬೆಳಗ್ಗೆ, ಚರ್ಚೆಯ ವ್ಯಾಪ್ತಿಯನ್ನು ಪಾದಗಳಿಗೆ ಮಾತ್ರ ಸೀಮಿತಗೊಳಿಸುವ ನಿರ್ಣಯವನ್ನು ನಾನೇ ಮಂಡಿಸಿ, ನಾನೇ ಅನುಮೋದಿಸಿ, ಹಾಲು ಹಾಕಿದ ಕಾಫಿ ಕುಡಿದೆ.

ಅನಂತರ ಕಂಪನಿಯ ಗ್ರಾಹಕ ಸೇವೆಗೆ ಫೋನು ಮಾಡಿದೆ.

“ಈ ಪಾದರಕ್ಷೆಯಲ್ಲಿ ಪ್ರಾಣಿಜನ್ಯ ಪದಾರ್ಥವೇನಾದರೂ ಇದೆಯೇ?”

“ನಿಮ್ಮ ಸೈಜ್ ಎಷ್ಟು ಸರ್?” ಎಂದಳು ಆ ಕಡೆಯ ಹುಡುಗಿ.

“ಸೈಜ್ ಇಲ್ಲಿ ಅಪ್ರಸ್ತುತ. ಇದು ವೀಗನ್ ಹೌದೋ ಅಲ್ಲವೋ?”

“ಸರ್, ಇದು ತಿನ್ನೋದಲ್ಲ, ಹಾಕ್ಕೊಳ್ಳೋದು.”

ನಾನು ವಿಷಯವನ್ನು ಪೀಠಿಕೆಯಿಂದ ಆರಂಭಿಸಿ ವಿವರಿಸಿದೆ. ಅವಳು ಯಾರನ್ನೋ ಕೇಳಿ ಬಂದು, ಇಡೀ ಚಪ್ಪಲಿಯನ್ನು ಒಂದೇ ಅಚ್ಚಿನಲ್ಲಿ ಹೊಯ್ಯುತ್ತಾರೆ, ಅಂಟೂ ಇಲ್ಲ, ಹೊಲಿಗೆಯೂ ಇಲ್ಲ ಎಂದಳು. ನನಗೆ ತೃಪ್ತಿಯಾಯಿತು. ಎರಡನೆಯ ಪ್ರಶ್ನೆಗೆ ಬಂದೆ.

“ಸವೆದ ಮೇಲೆ ಇದನ್ನು ನೀವು ವಾಪಸು ತೆಗೆದುಕೊಳ್ಳುತ್ತೀರಾ?”

“ತಗೋತೀವಿ ಸರ್. ಒಂದು ಸಲಾನೂ ಹಾಕ್ಕೊಂಡಿರಬಾರದು, ಅಷ್ಟೆ.”

ಇನ್ನು ಪ್ರಯೋಗವೊಂದೇ ದಾರಿ. ಎಡಗಾಲಿನದನ್ನು ಬೆಂಕಿಗೆ, ಬಲಗಾಲಿನದನ್ನು ಮಣ್ಣಿಗೆ ಒಡ್ಡುವುದೆಂದು ತೀರ್ಮಾನಿಸಿದೆ. ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದರೆ ಅದು ಚರ್ಮ ಎಂದು ಎಲ್ಲೋ ಓದಿದ್ದೆ. ಒಲೆ ಹಚ್ಚಿ, ಎಡಗಾಲಿನದನ್ನು ಇಕ್ಕಳದಲ್ಲಿ ಹಿಡಿದು, ಬಾಗಿ ಮೂಸಿದೆ. ಕೂದಲು ಸುಟ್ಟ ವಾಸನೆ ಬಂದೇ ಬಂತು. ನಾನು ಆಘಾತಗೊಂಡೆ. ಅದು ನನ್ನ ಮೀಸೆಯದೆಂದು ಮಂಗಳ ಸ್ಪಷ್ಟಪಡಿಸಿದಳು.

ಮಣ್ಣಿನ ಪರೀಕ್ಷೆಗೆ ಮಾವನ ಮನೆಯ ತಿಪ್ಪೆಗಿಂತ ಯೋಗ್ಯವಾದ ಸ್ಥಳವಿರಲಿಲ್ಲ. ಅದರ ಕಾವಿಗೆ ತೆಂಗಿನ ಮಟ್ಟೆಯೂ ಗೊಬ್ಬರವಾಗುತ್ತದೆ. ಮಂಗಳಳೊಂದಿಗೆ ತೆರಕಣಾಂಬಿಗೆ ಹೋಗಿ ಹಾರೆಯಿಂದ ಗುಂಡಿ ತೋಡುತ್ತಿದ್ದಾಗ ಅತ್ತೆ ಕಂಡರು.

“ಏನ್ ಮಾಡ್ತಿದ್ದರಿ ಅಳಿಯಂದ್ರೆ?”

“ಪ್ರಯೋಗ, ಅತ್ತೆ. ಇದು ಕರಗುತ್ತದೆಯೇ ಎಂದು ನೋಡಬೇಕಾಗಿದೆ.”

“ದೀಪಾವಳೀಲಿ ತಿಪ್ಪೆಗೆ ಊವ ಇಟ್ಟು ಕೈ ಮುಗಿತೀವಿ ನಾವು. ಆ ಲಕ್ಷ್ಮಿ ಎದೆ ಮ್ಯಾಲೆ ಕೆರ ಊಳ್ತೀರಾ?”

“ಇದು ಚರ್ಮದ ಕೆರವಲ್ಲ ಅತ್ತೆ. ಪ್ಲಾಸ್ಟಿಕ್ಕು. ಅದು ಈಗಾಗಲೇ ಸಾಬೀತಾಗಿದೆ.”

“ಪ್ಲಾಸ್ಟಿಕ್ಕು ಕರಗಲ್ಲ ಅಂತ ನಮ್ಮನೆ ಎಮ್ಮೆಗೂ ಗೊತ್ತು. ಕವರ್ ತಿಂದು, ಡಾಕ್ಟ್ರು ಬಂದು ಬದುಕಿಸುದ್ರು.” ಅತ್ತೆ ಮನೆಯ ಕಡೆ ತಿರುಗಿ ಕೂಗಿದರು: “ಮಂಗಳಾ, ಇವ್ರಿಗೆ ಮಜ್ಜಿಗೆ ಕೊಡಮ್ಮಿ. ಬಿಸ್ಲು ಒಡ್ದದೆ.”

ಕೊನೆಗೆ ಒಂದು ಅಂಚಿನಲ್ಲಿ ಹೂಳಲು ಅಪ್ಪಣೆ ಸಿಕ್ಕಿತು. ಶಿವರಾತ್ರಿ ಕಳೆದು ತೆಗೆಯಲು ಹೋದಾಗ ಯಾವ ಅಂಚೆಂಬುದು ಮರೆತಿತ್ತು. ತಿಪ್ಪೆಯನ್ನು ಇಡಿಯಾಗಿ ಬಗೆದೆ.

“ಎಂಗೂ ಬಗೆದಿದ್ದೀರಿ, ಅಂಗೇ ಟ್ರ್ಯಾಕ್ಟರಿಗೆ ತುಂಬ್ಬುಡಿ,” ಎಂದರು ಮಾವ.

ತುಂಬಿದೆ. ಚಪ್ಪಲಿ ಕಟ್ಟಕಡೆಯ ಮಂಕರಿಯಲ್ಲಿ ಸಿಕ್ಕಿತು. ತೊಳೆದರೆ ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯಿತು. ನನ್ನ ನಿಲುವು ಖಚಿತವಾಯಿತು: ಚಪ್ಪಲಿ ವೀಗನ್ ಹೌದು, ಸುಸ್ಥಿರ ಖಂಡಿತ ಅಲ್ಲ.

ಉದ್ಘಾಟನೆಗೆ ಹೊರಟಾಗ ಬಸ್ಸಿನಲ್ಲಿ ಮಂಗಳ ಮೆಲ್ಲಗೆ ಹೇಳಿದಳು: “ರೀ, ಚರ್ಮ ಇಲ್ಲ ಅಂದು ಕೂತ್ಕೊಬುಡಿ. ಅವನಿಗೆ ಇದು ಬಿಟ್ರೆ ಇನ್ನೊಂದಿಲ್ಲ. ನಿಮ್ಮ ಮಾತಿಂದ ಅಂಗಡಿ ಮುಚ್ಚೋದ್ರೆ ನಾನು ತವರಿಗೆ ಮುಖ ತೋರ್ಸಂಗಿಲ್ಲ.”

ಸುಧಾರಕನ ಬಾಳಿನಲ್ಲಿ ಇಂಥ ಘಳಿಗೆಗಳು ಬರುತ್ತವೆ. ನಾನು ಮಡಿಲಿನಲ್ಲಿದ್ದ ಚೀಲವನ್ನು ಬಿಗಿಯಾಗಿ ಹಿಡಿದೆ. ಚಪ್ಪಲಿ ಅದರೊಳಗಿತ್ತು.

ಅಂಗಡಿಯ ಮುಂದೆ ಶಾಮಿಯಾನ ಹಾಕಿದ್ದರು. ನೆಂಟರು, ಸಂತೆಗೆ ಬಂದವರು, ಬಸ್ಸಿಗೆ ಕಾದವರು ಎಲ್ಲ ಸೇರಿ ಸಭೆ ತುಂಬಿತ್ತು. ಇದರಲ್ಲಿ ಪ್ರಾಣಿಯ ಅಂಶ ಲವಲೇಶವೂ ಇಲ್ಲವೆಂದು ಮೊದಲು ಘೋಷಿಸಿದೆ. ಹಿರಿಯರು ತಲೆದೂಗಿದರು. ಮುಂದಿನ ಸಾಲಿನಿಂದ ಮಂಗಳ, ಸಾಕು ಕೂತ್ಕೊಳ್ಳಿ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಆದರೆ ಅರ್ಧ ಸತ್ಯ ಹೇಳಿ ಕುಳಿತವನನ್ನು ಯಾವ ತೀರ್ಪುಗಾರ ಕ್ಷಮಿಸುತ್ತಾನೆ? ಚೀಲದಿಂದ ಚಪ್ಪಲಿ ತೆಗೆದು ಮೇಲೆತ್ತಿದೆ.

“ಮಾನ್ಯರೇ! ಇದನ್ನು ನಾನು ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ತಿಪ್ಪೆಯಲ್ಲಿ ಹೂತಿದ್ದೆ. ಕರಗಿತೇ? ಇಲ್ಲ. ಒಂದು ಗೀರಾದರೂ ಬಿತ್ತೇ? ಇಲ್ಲ. ನಾನು ಹೋಗುತ್ತೇನೆ, ನೀವು ಹೋಗುತ್ತೀರಿ, ನಮ್ಮ ಮೊಮ್ಮಕ್ಕಳೂ ಹೋಗುತ್ತಾರೆ. ಇದು ಮಾತ್ರ ಹೋಗುವುದಿಲ್ಲ!”

ಗುರುಮಲ್ಲುವಿನ ಮುಖ ಬೇಕರಿ ಮುಚ್ಚಿದ ದಿನದ ಹಾಗಿತ್ತು. ಮಂಗಳ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಗೆದ್ದಿದ್ದೆ. ಎತ್ತಿ ಹಿಡಿದಿದ್ದ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಳಿಸಿದೆ.

ಆಗ ಪೇಟ ಸುತ್ತಿದ ಹಿರಿಯರೊಬ್ಬರು ಎದ್ದು ಬಂದರು. “ಕೊಡಿ ಇಲ್ಲಿ, ನೋಡನ.” ಚಪ್ಪಲಿಯನ್ನು ಮಡಚಿದರು, ಪಟ್ಟಿಯನ್ನು ಎಳೆದರು, ಹಿಂದೆ ಕುಳಿತವನಿಗೆ ತೋರಿಸಿದರು.

“ಕೇಳ್ದೇನ್ಲಾ ನಂಜುಂಡ? ತಿಪ್ಪೇಲಿ ಬಿದ್ದಿದ್ರೂ ಪಟ್ಟಿ ಕಿತ್ತಿಲ್ಲ. ನೀನು ಮೊನ್ನೆ ತಕ್ಕಂಡದ್ದು ಬಸ್ ಅತ್ತೋ ಒತ್ತಿಗೇ ಕಿತ್ತೋಯ್ತಲ್ಲ.”

“ಇವ್ರೇ ಏಳ್ತಾವ್ರೆ ಕಣ, ಮೊಮ್ಮಕ್ಕಳ ಕಾಲಕ್ಕೂ ಓಗಲ್ವಂತೆ,” ಎಂದ ನಂಜುಂಡ. “ಗುರುಮಲ್ಲಪ್ಪ, ಎಂಟು ನಂಬರ್ ಅದಾ?”

ಸಭೆ ಎದ್ದಿತು. ಒಬ್ಬಾಕೆ ಅತ್ತೆಗೊಂದು ಸೊಸೆಗೊಂದು ಕೇಳಿದಳು. ಗುಂಪು ಕಂಡು ಲಾರಿ ನಿಲ್ಲಿಸಿದ ಕೇರಳದ ಚಾಲಕನೊಬ್ಬ, ನನ್ನ ಭಾಷಣದ ಒಂದು ಪದವೂ ತಿಳಿಯದೆ ಒಂದು ಜೊತೆ ಕೊಂಡ. ನಾನು ದನಿ ಏರಿಸಿ, “ಮಹನೀಯರೇ, ನಾನು ಹೇಳಿದ್ದು ಹೊಗಳಿಕೆಯಲ್ಲ, ಆಕ್ಷೇಪ,” ಎಂದೆ.

“ಸರ್ಯಾಗೇ ಏಳುದ್ರಿ ಸಾ,” ಎಂದ ನಂಜುಂಡ. “ಒಸಿ ಪಕ್ಕಕ್ಕೆ ಬನ್ನಿ, ಬಾಗ್ಲಿಗೆ ಅಡ್ಡ ನಿಂತಿದ್ದೀರಿ.”

ಪಕ್ಕಕ್ಕೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಒಂದು ಗೋಡೆ ಖಾಲಿಯಾಗಿತ್ತು. ಗುರುಮಲ್ಲು ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ಭಾವ, ನಿಮ್ಮಂಗೆ ಮಾತಾಡೋರು ಜಿಲ್ಲೇಲೇ ಇಲ್ಲ. ಮುಂದಕ್ಕೆ ಚಾಮರಾಜನಗರದಲ್ಲೂ ಒಂದು ಅಂಗಡಿ ಮಾಡಿದ್ರೆ, ಅಲ್ಲೂ ಬಂದು ಇಂಗೇ ಬೈದ್ಬುಡಿ.”

“ಸದ್ಯ, ನೀವು ಹೊಗಳ್ಲಿಲ್ಲ,” ಎಂದಳು ಮಂಗಳ, ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಒಬ್ಬಟ್ಟು ಹಾಕಿ, ಅದರ ಮೇಲೆ ತುಪ್ಪ ಸುರಿಯುತ್ತ. ಬಹಳ ದಿನಗಳ ಮೇಲೆ ನಾನು ಅಷ್ಟು ತುಪ್ಪ ಕಂಡೆ. ಒಂದೇ ಜೊತೆಯನ್ನು ಬಹುಕಾಲ ಮೆಟ್ಟಿದರೆ ಭೂಮಿಗೆ ಬೀಳುವ ಕಸವೂ ಕಡಿಮೆಯಲ್ಲವೇ ಎಂದು, ಎರಡನೆಯ ಒಬ್ಬಟ್ಟಿನ ವೇಳೆಗೆ, ಪಕ್ಷ ಬದಲಿಸಿ ನನ್ನೊಳಗೇ ವಾದಿಸತೊಡಗಿದೆ. ವಾದ ಕೆಟ್ಟದಾಗಿರಲಿಲ್ಲ.

ಕೈ ತೊಳೆದು ಬರುವಷ್ಟರಲ್ಲಿ ಪಕ್ಕದ ಅಂಗಡಿಯ ಪ್ಲಾಸ್ಟಿಕ್ ಬಿಂದಿಗೆ ವ್ಯಾಪಾರಿ ಕಾದು ನಿಂತಿದ್ದರು.

“ಸಾ, ನಾಡಿದ್ದು ಸಂತೆ. ನಮ್ಮ ಬಿಂದಿಗೇನೂ ಒಸಿ ಬೈದ್ಬುಡಿ.”

ನಾನು ನೆಟ್ಟಗೆ ನಿಂತು, ಕನ್ನಡಕ ಸರಿಪಡಿಸಿಕೊಂಡು, ಇಂಥ ಕಾರ್ಯಕ್ಕೆ ನನ್ನ ನಾಲಿಗೆಯನ್ನು ಇನ್ನೆಂದಿಗೂ ಒಪ್ಪಿಸಲಾರೆನೆಂದು, ಭೂಮಿತಾಯಿಯ ಹೆಸರಿನಲ್ಲಿ, ಖಡಾಖಂಡಿತವಾಗಿ ನಿರಾಕರಿಸಿದೆ.

ಅವರು ಸಂತೋಷದಿಂದ ತಲೆಯಾಡಿಸಿದರು. “ಅಂಗೇ ಸಾ. ಅದೇ ದನಿ ಇರ್ಲಿ.”