ನಮ್ಮ ಮಂಗನ ಸರಪಳಿಯನ್ನು ಮೈದಾನ ಮಾಡಿದವರಿಗೆ

‘ಡಿಸ್ಕ್‌ಮಿತ್ರ’ ಆ್ಯಪಿನ ಮುಖ್ಯಸ್ಥರಿಗೆ, ಬೆಂಗಳೂರು.

ಮಾನ್ಯರೇ,

ಹೊಸನಗರ ತಾಲ್ಲೂಕಿನ ಒಂದು ಮೂಲೆಯಿಂದ, ಎದುರಿನ ಮರದಲ್ಲಿ ಕುಳಿತಿರುವ ಹದಿನೈದಿಪ್ಪತ್ತು ಮಂಗಗಳ ಸಮಕ್ಷಮದಲ್ಲಿ, ತಮಗೆ ಅನಂತ ನಮಸ್ಕಾರಗಳು. ತಾವು, ತಮ್ಮ ಆ್ಯಪು ಮತ್ತು ಅದನ್ನು ನಂಬಿ ಬರುವ ಸಮಸ್ತ ಆಟಗಾರರೂ ಕ್ಷೇಮವೆಂದು ಭಾವಿಸುತ್ತೇನೆ. ಮಂಗಗಳಂತೂ ಬಹಳ ಕ್ಷೇಮವಾಗಿವೆ.

ಪ್ಲಾಸ್ಟಿಕ್ ತಟ್ಟೆಯೊಂದನ್ನು ದೂರದಿಂದ ಎಸೆದು, ಕಂಬಕ್ಕೆ ತೂಗುಬಿಟ್ಟ ಸರಪಳಿಗೆ ತಾಗಿಸಿ, ಕೆಳಗಿನ ಬುಟ್ಟಿಗೆ ಬೀಳಿಸುವುದೇ ಡಿಸ್ಕ್ ಗಾಲ್ಫ್ ಎಂಬ ಜ್ಞಾನ ನನಗೆ ತಮ್ಮಿಂದಲೇ ಬಂತು. ತಮ್ಮ ‘ಸಾಗರ–ಹೊಸನಗರ–ತೀರ್ಥಹಳ್ಳಿ ಆಟದ ಯಾತ್ರೆ’ಯಲ್ಲಿ ಸಾಗರದ ಕಡೆ ಒಂದು ಮೈದಾನ, ತೀರ್ಥಹಳ್ಳಿಯ ಕಡೆ ಇನ್ನೊಂದು, ನಡುವೆ ನಮ್ಮ ಮನೆಯಂಗಳ! ‘ಒಂದೇ ಬುಟ್ಟಿಯ ಹಳ್ಳಿಸೊಗಡಿನ ಮೈದಾನ, ಪ್ರವೇಶ ಉಚಿತ, ಅಜ್ಜಿಯ ಆತಿಥ್ಯ’ ಎಂದು ಬರೆದಿದ್ದೀರಿ. ಇಷ್ಟು ದೊಡ್ಡ ಗೌರವವನ್ನು ನಮ್ಮನ್ನು ಒಂದು ಮಾತೂ ಕೇಳದೆ ಕೊಟ್ಟ ತಮ್ಮ ಔದಾರ್ಯಕ್ಕೆ ಏನು ಹೇಳಲಿ?

ಆದರೆ ಸ್ವಾಮಿ, ದಾರಿಹೋಕರು ಯಾರೋ ತೆಗೆದು ಕಳಿಸಿದ ಫೋಟೋದಲ್ಲಿ ತಾವು ಕಂಡದ್ದು ಮೈದಾನವಲ್ಲ, ಮಂಗ ಓಡಿಸುವ ಸಾಧನ. ನಾವು ಜೈನರು. ಅಕ್ಕಪಕ್ಕದವರ ಹಾಗೆ ಏರ್‌ಗನ್ ಹಿಡಿಯುವವರಲ್ಲ, ಕವಣೆ ಬೀಸುವವರೂ ಅಲ್ಲ. ಅಂಗಳದಂಚಿನ ಅಪ್ಪೆಮಿಡಿ ಮರವನ್ನು ಮಂಗಗಳಿಂದ ಉಳಿಸಿಕೊಳ್ಳಬೇಕು, ಮಂಗಕ್ಕೂ ನೋವಾಗಬಾರದು ಎಂದು ನಮ್ಮ ಯಜಮಾನರು ಯಶೋಧರ ಅವರು ಕಂಬದ ತುದಿಗೆ ಹಳೇ ಸೈಕಲ್ಲಿನ ರಿಮ್ ಕೂರಿಸಿ, ಅದಕ್ಕೆ ಸರಪಳಿ ಇಳಿಬಿಟ್ಟು, ಕೆಳಗೆ ತಂತಿಬುಟ್ಟಿಯಲ್ಲಿ ಖಾಲಿ ಡಬ್ಬಿ ತುಂಬಿಸಿಟ್ಟರು. ನಮ್ಮ ಅತ್ತೆ ಚಂದ್ರಮತಿಯಮ್ಮನವರು ಜಗಲಿಯಲ್ಲಿ ಕೂತು ಸರಪಳಿಗೆ ಕಟ್ಟಿದ ಹಗ್ಗ ಎಳೆದರೆ ಝಣಝಣ ಸದ್ದಿಗೆ ಮಂಗಗಳು ಪಕ್ಕದ ಕಾಡು ಸೇರುತ್ತಿದ್ದವು. ಆ ಮರದ ಮಿಡಿಯನ್ನು ಉಪ್ಪಿಗೆ ಹಾಕುವುದೆಂದರೆ ಅತ್ತೆಯವರಿಗೆ ವ್ರತವಿದ್ದ ಹಾಗೆ. ಜನ್ಮದಲ್ಲಿ ಒಂದೇ ಒಂದು ಮಿಡಿಯನ್ನೂ ಪೇಟೆಯಿಂದ ತಂದವರಲ್ಲ.

ಈಗ ತಾಳಗುಪ್ಪದ ರೈಲಿಳಿದವರು ಜೋಗ ನೋಡಿ, ಸಾಗರದಲ್ಲಿ ತಟ್ಟೆ ಎಸೆದು, ಕೈ ಕೆರೆಯುತ್ತಾ ನೇರ ನಮ್ಮಲ್ಲಿಗೆ ಬರುತ್ತಾರೆ. ಅತ್ತೆಯವರು ಮೊದಲ ದಿನ, “ಎಂತದ್ರೋ ಇದು, ಊಟದ ತಟ್ಟೆ ಹಿಂಗೆಲ್ಲ ಎಸೀತಾರನ್ರೋ? ದಾರಿ ತಪ್ಪಿ ಬಂದ್ರಾ?” ಎಂದು ಕೇಳಿದ್ದಕ್ಕೆ, ಅವರಲ್ಲೊಬ್ಬ “ಅಜ್ಜಿ, ಸೂಪರ್ ಸೆಟಪ್ಪು!” ಎಂದು ಅವರ ಜೊತೆ ಸೆಲ್ಫಿ ತೆಗೆದುಕೊಂಡು ಹೋದ. ಪಾಪ, ಒಳ್ಳೆಯ ಮಕ್ಕಳೇ. ಸರಪಳಿ ಸದ್ದಾದಾಗಲೆಲ್ಲ ಕೇಕೆ ಹಾಕಿ, ಮರದ ಮೇಲಿನ ಪ್ರೇಕ್ಷಕರಿಗೆ ಬಿಸ್ಕತ್ತು, ಚಿಪ್ಸು ಎಸೆದರು. ಇದರಿಂದ ನಮ್ಮ ಮಂಗಗಳು ಕಲಿತ ಪಾಠ ಏನೆಂದರೆ, ಸರಪಳಿ ಝಣಗುಟ್ಟಿತೆಂದರೆ ಊಟಕ್ಕೆ ಎಲೆ ಹಾಕಿದ್ದಾರೆ ಎಂದು. ಈಗ ಅತ್ತೆಯವರು ಹಗ್ಗ ಎಳೆದರೆ ಸಾಕು, ಕಾಡಿನಲ್ಲಿದ್ದವೂ ಸಂಸಾರ ಸಮೇತ ಓಡಿ ಬರುತ್ತವೆ. ಬಿಸ್ಕತ್ತು ಸಿಗದಿದ್ದರೆ ಮಿಡಿ ಇದ್ದೇ ಇದೆಯಲ್ಲ!

ಕೆಳಗಿನ ಕೊಂಬೆಗಳೆಲ್ಲ ಬೋಳಾದವು. ಮೊನ್ನೆ ಅತ್ತೆಯವರು ಹಗ್ಗ ಕೈಬಿಟ್ಟು, “ಇನ್ನು ನಾ ಎಳ್ಯಲ್ಲ ಮಾರಾಯ್ತಿ, ನಾನೇ ಕರ್ದು ಬಡ್ಸಿದಂಗೆ ಆಗ್ತಿದೆ” ಎಂದು ಒಳಗೆ ಹೋಗಿಬಿಟ್ಟರು. ನನಗೆ ಹೊಟ್ಟೆ ಉರಿಯಿತು ಸ್ವಾಮಿ, ಸುಳ್ಳೇಕೆ ಹೇಳಲಿ. ನೆತ್ತಿಯ ಕೊಂಬೆಯಲ್ಲಿ ಇನ್ನೂ ಒಂದಿಷ್ಟು ಮಿಡಿ ಉಳಿದಿದೆ. ಕೊಯ್ಯುವ ಹದಕ್ಕೆ ಬರುವವರೆಗೆ ಅದು ಉಳಿದರೆ ಅತ್ತೆಯವರ ಒಂದು ಭರಣಿಯಾದರೂ ತುಂಬುತ್ತದೆ.

ಈ ವಿಷಯವನ್ನು ತಮ್ಮ ಆ್ಯಪಿಗೆ ಬರೆದಾಗ, ‘ನಮ್ಮ ಮೈದಾನವನ್ನು ಮೆಚ್ಚಿದ್ದಕ್ಕೆ ಧನ್ಯವಾದಗಳು’ ಎಂಬ ಉತ್ತರ ಕ್ಷಣಾರ್ಧದಲ್ಲಿ ಬಂತು. ಸರ್ಕಾರಿ ಕಚೇರಿಗಳಿಗೆ ಅಲೆದು ಸವೆದ ನಮಗೆ ಈ ವೇಗ ಕಂಡು ಕಣ್ಣು ತುಂಬಿತು. ಆದ್ದರಿಂದ ಧೈರ್ಯ ಮಾಡಿ ಕೇಳಿಕೊಳ್ಳುತ್ತೇನೆ: ದಯಮಾಡಿ ತಮ್ಮ ವೃತ್ತಿಪರ ತರಬೇತುದಾರರೊಬ್ಬರನ್ನು ಕಳಿಸಿ, ಮಂಗಗಳಿಗೆ ಸರಪಳಿಯ ಭಯವನ್ನು ಹೊಸದಾಗಿ ಕಲಿಸಿಕೊಡಿ. ಅದಾಗದಿದ್ದರೆ ತಮ್ಮ ಆ್ಯಪಿನ ನಿಯಮ ಮತ್ತು ಷರತ್ತುಗಳನ್ನು ಗಟ್ಟಿಯಾಗಿ ಓದಿದ ಧ್ವನಿಮುದ್ರಣವನ್ನಾದರೂ ಕಳಿಸಿ, ಮರದ ಕೆಳಗೆ ಹಾಕುತ್ತೇವೆ. ಅದನ್ನು ಕೊನೆಯವರೆಗೆ ಕೇಳುವ ಪ್ರಾಣಿ ಈ ಮಲೆನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಎರಡೂ ಕಷ್ಟವೆಂದಾದರೆ ಮಂಗಗಳನ್ನೇ ಸದಸ್ಯರನ್ನಾಗಿ ಮಾಡಿಕೊಂಡು ತೀರ್ಥಹಳ್ಳಿಯ ಪಂದ್ಯಕ್ಕೆ ಕರೆದೊಯ್ಯಿರಿ.

ನೆತ್ತಿಯ ಮಿಡಿ ಇರುವಷ್ಟು ದಿನ ತಮ್ಮ ವಿಶ್ವಾಸಿ,
ಜ್ವಾಲಾಮಾಲಿನಿ ಯಶೋಧರ

ತಾ.ಕ.: ತಮ್ಮ ಆ್ಯಪಿನಲ್ಲಿ ‘ಸ್ಥಳ ತಿದ್ದಿ’ ಎಂಬ ಗುಂಡಿ ಇರುವುದನ್ನೂ, ಅದನ್ನು ಯಾರು ಬೇಕಾದರೂ ಒತ್ತಬಹುದೆನ್ನುವುದನ್ನೂ ನಿನ್ನೆ ಕಂಡುಕೊಂಡೆ. ತಮ್ಮ ಕಚೇರಿಯ ಪಡಸಾಲೆಯಲ್ಲಿ ಸರಪಳಿಯ ಉಯ್ಯಾಲೆ ಇರುವುದನ್ನು ತಮ್ಮದೇ ಫೋಟೋದಲ್ಲಿ ನೋಡಿ, ಆ್ಯಪಿನ ನಕ್ಷೆಯಲ್ಲಿ ನಮ್ಮ ಮೈದಾನವನ್ನು ಅಲ್ಲಿಗೆ ಸ್ಥಳಾಂತರಿಸಿದ್ದೇನೆ. ಭಾನುವಾರ ಎರಡು ಬಸ್ಸು ಆಟಗಾರರು ಬರುವವರಿದ್ದಾರಂತೆ; ತಾವು ಉಯ್ಯಾಲೆಯಿಂದ ಸ್ವಲ್ಪ ಆಚೆ ಕೂತಿರಿ.